ಇನ್ನೊಂದು ಸಲ ಗಂಟೆ ಬಾರಿಸಲು ಅನುಮತಿ ಕೊಡಿ

ಸದ್ವರ್ತನೆ ಪ್ರೋತ್ಸಾಹ ಯೋಜನೆಯ ನಿರ್ದೇಶಕರಿಗೆ

ಮಾನ್ಯರೇ,

ನನಗೆ ನಿಮ್ಮಿಂದ ಹೊಸ ಕಟ್ಟಡ ಬೇಡ, ಸಂಬಳದ ಹೆಚ್ಚಳ ಬೇಡ. ಶಾಲೆಯ ಶೌಚಾಲಯದ ಸೋರುವ ನಲ್ಲಿಯ ವಿಷಯವನ್ನಂತೂ ನೀವೂ ನಾನೂ ಮರೆತು ಬಹಳ ಕಾಲವಾಯಿತು. ನನಗೆ ಬೇಕಾಗಿರುವುದು ತರಗತಿಯಲ್ಲಿ ಒಂದು ಸಲದ ಬದಲು ಎರಡು ಸಲ ಗಂಟೆ ಬಾರಿಸಲು ಅನುಮತಿ. ಇದನ್ನು ಕೇಳಲು ನಿಮ್ಮ ಕಚೇರಿಗೇ ಬಂದಿದ್ದೆ. “ಒಂದು ಸಲ ಅಂತ ಇದ್ರೆ ಒಂದು ಸಲ ಮೇಡಂ. ಎರಡು ಸಲಕ್ಕೆ ಸಾಹೇಬರನ್ನೇ ಕೇಳ್ಬೇಕು,” ಎಂದರು ನಿಮ್ಮ ಗುಮಾಸ್ತರು. ಸಾಹೇಬರಾದ ತಾವು ಸಭೆಯಲ್ಲಿದ್ದಿರಿ. ಬೆಂಚಿನ ಮೇಲೆ ಕೂತು ಕೂತು ನನಗೇ ನಿಮ್ಮ ಯೋಜನೆಯ ಒಂದು ನಕ್ಷತ್ರ ಕೊಡಬಹುದಾಗಿತ್ತು. ಅಷ್ಟು ಸದ್ವರ್ತನೆ ತೋರಿಸಿದೆ. ತಾವು ಹೊರಗೆ ಬರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವಂತೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದು ತಮಾಷೆಯ ವಿಷಯವೆಂದು ಪುಟ ತಿರುಗಿಸಬೇಡಿ. ತಮಾಷೆ ಹೌದು; ಆದರೆ ಈ ಇನ್ನೊಂದು ಗಂಟೆಯ ಸದ್ದಿಗೆ ಅನುಮತಿ ಇಲ್ಲದ್ದರಿಂದ ಬರುವ ಸೋಮವಾರದಿಂದ ನನ್ನ ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಲಿದ್ದಾರೆ.

ನಿಮ್ಮ ಯೋಜನೆ ನಮ್ಮ ಶಾಲೆಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಅದರೊಳಗೆ ಗೋಡೆಗೆ ತೂಗುಹಾಕುವ ಒಂದು ಪಟ, ಬಂಗಾರದ ಬಣ್ಣದ ಅಂಟುನಕ್ಷತ್ರಗಳು, ಮರದ ಹಿಡಿಯ ಒಂದು ಹಿತ್ತಾಳೆ ಗಂಟೆ ಮತ್ತು ಇಟ್ಟಿಗೆಯಷ್ಟು ದಪ್ಪದ ಮಾರ್ಗಸೂಚಿ ಇದ್ದವು. ಮಗು ಒಳ್ಳೆಯ ನಡವಳಿಕೆ ತೋರಿದ ಕೂಡಲೇ ಶಿಕ್ಷಕರು ‘ಒಂದು ಸಲ ಮಾತ್ರ’ ಗಂಟೆ ಬಾರಿಸಿ, ಪಟದಲ್ಲಿ ಆ ಮಗುವಿನ ಹೆಸರಿನ ಮುಂದೆ ನಕ್ಷತ್ರ ಅಂಟಿಸತಕ್ಕದ್ದು. ಸಾಲು ತುಂಬಿದ ಮಗುವಿಗೆ ಅದು ಕೇಳಿದ ಬಹುಮಾನ. ಕೇಳಿದ ಬಹುಮಾನ ಎಂದರೆ ರಬ್ಬರು, ಪೆನ್ಸಿಲ್ ಟೋಪಿ, ಬಲೂನು ಇಷ್ಟರಲ್ಲಿ ಕೇಳಿದ್ದು. ಇನ್ನು ಆ ನಕ್ಷತ್ರಗಳ ಅಂಟಿನ ಬಗ್ಗೆ ನಾನು ದೂರುವುದಿಲ್ಲ. ಪಟವೊಂದನ್ನು ಬಿಟ್ಟು ಜಗತ್ತಿನ ಮಿಕ್ಕೆಲ್ಲ ವಸ್ತುಗಳಿಗೂ ಅವು ಭದ್ರವಾಗಿ ಅಂಟುತ್ತವೆ. ನಮ್ಮ ಮುಖ್ಯೋಪಾಧ್ಯಾಯರು ಬೆನ್ನಿಗೆ ಒಂದು ನಕ್ಷತ್ರ ಅಂಟಿಸಿಕೊಂಡು ದಿನವಿಡೀ ಶಾಲೆಯಲ್ಲಿ ಓಡಾಡಿದರು. ಹೋದಲ್ಲೆಲ್ಲ ಮಕ್ಕಳು ಚಪ್ಪಾಳೆ ತಟ್ಟಿದರು. ತಮ್ಮ ಆಡಳಿತಕ್ಕೆ ಸಿಕ್ಕ ಮೆಚ್ಚುಗೆ ಅದೆಂದು ಅವರು ಇವತ್ತಿಗೂ ನಂಬಿದ್ದಾರೆ, ನಾವ್ಯಾರೂ ಅವರ ಸಂತೋಷಕ್ಕೆ ಕಲ್ಲು ಹಾಕಿಲ್ಲ.

ಯೋಜನೆ ಯಾರಿಗೆ ಅತ್ಯಗತ್ಯವೋ ಅವರಿಂದಲೇ ಆರಂಭಿಸಿ ಎಂದು ಮಾರ್ಗಸೂಚಿ ಹೇಳಿತು. ಯಾರೆಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ನಮ್ಮಲ್ಲಿ ಎಲ್ಲರೂ ಬುಗುರಿ ಎಂದು ಕರೆಯುವ ಒಬ್ಬಳಿದ್ದಾಳೆ. ಕೂರು ಎಂದರೆ ಕೂರುತ್ತಾಳೆ, ಕೂತು ನಾನು ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಗೋಡೆಗೆ ಒರಗಿ ನಿಂತಿರುತ್ತಾಳೆ. ಜಗಳಗಂಟಿಯಲ್ಲ, ತಂಟೆಕೋರಳಲ್ಲ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಎದ್ದು ಪಕ್ಕಕ್ಕೆ ಸರಿಯುತ್ತಾಳೆ, ಅಷ್ಟೇ. ಸುತ್ತೋಲೆ ತರುವ ಜವಾನ ಬಂದರೂ ಎದ್ದಳು, ಸೀಮೆಸುಣ್ಣ ಕೇಳಲು ಪಕ್ಕದ ತರಗತಿಯ ಮಗು ಬಂದರೂ ಎದ್ದಳು. ಒಮ್ಮೆ ಒಂದು ಬೆಕ್ಕು ಒಳಗೆ ಬಂದಾಗಲೂ ಎದ್ದಳು, ಬೆಕ್ಕು ಕೂತಿತು.

ಅವಳಿಗೆ ಯೋಜನೆಯನ್ನು ಪರಿಚಯಿಸಲು ನಾನು ಮಾರ್ಗಸೂಚಿಯನ್ನು ಚಾಚೂ ತಪ್ಪದೆ ಪಾಲಿಸಿದೆ. ‘ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು ಮಾತನಾಡತಕ್ಕದ್ದು’ ಎಂದಿತ್ತು. ಇದನ್ನು ಬರೆದವರ ಮಂಡಿಗಳು ಬಲು ಗಟ್ಟಿಯಿರಬೇಕು. ನನ್ನವು ಲಟಲಟ ಎಂದವು. ಅವಳ ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಇಲಾಖೆ ಬರೆದುಕೊಟ್ಟ ಮಾತನ್ನು ಇದ್ದದ್ದು ಇದ್ದಂತೆ ಓದಿದೆ: “ಪ್ರೀತಿಯ ವಿದ್ಯಾರ್ಥಿಯೇ, ಇಂದಿನಿಂದ ನಾವಿಬ್ಬರೂ ಸದ್ವರ್ತನೆಯ ಸುಂದರ ಪಯಣವೊಂದನ್ನು ಆರಂಭಿಸೋಣ.”

ಅವಳ ಕಣ್ಣುಗಳು ಅರಳಿದವು. “ಪಯಣನಾ ಮಿಸ್? ಎಲ್ಲಿಗೆ?”

ಎಲ್ಲಿಗೆ ಎಂದು ಮಾರ್ಗಸೂಚಿಯಲ್ಲಿ ಇರಲಿಲ್ಲ. “ಎಲ್ಲಿಗೂ ಇಲ್ಲ ಕಣೇ. ಇಲ್ಲೇ ಸುಮ್ನೆ ಕೂತಿರ್ಬೇಕು.”

“ಎಲ್ಲಿಗೂ ಹೋಗ್ದೆ ಸುಮ್ನೆ ಯಾಕೆ ಕೂತ್ಕೋತಾರೆ?”

“ನೀನು ಚೆನ್ನಾಗಿ ಕೂತ್ರೆ ನಾನು ಗಂಟೆ ಹೊಡೀತೀನಿ.”

“ಎಷ್ಟು ಸಲ ಮಿಸ್?”

“ಒಂದೇ ಸಲ.”

ಅವಳು ಹುಬ್ಬು ಗಂಟಿಕ್ಕಿದಳು. “ಕೂತಿರೋವಾಗ ಒಂದೇ ಸಲ ಹೊಡೀತೀರಾ? ಎರಡು ಸಲ ಅಲ್ವಾ?”

“ಒಂದೇ ಸಲ ಅಂದ್ನಲ್ಲ!”

“ಸರಿ ಬಿಡಿ ಮಿಸ್, ನಿಮ್ಮಿಷ್ಟ,” ಎಂದಳು. ತಿಳಿಯದವರ ಜೊತೆ ವಾದ ಮಾಡಬಾರದು ಎಂದು ದೊಡ್ಡವರು ಸುಮ್ಮನಾಗುತ್ತಾರಲ್ಲ, ಆ ಧಾಟಿಯಲ್ಲಿ.

ಆಮೇಲೆ ಬಹುಮಾನದ ಮಾತು. ಏನು ಬೇಕು ಎಂದು ಕೇಳಿದರೆ ಯೋಚನೆಯೇ ಮಾಡದೆ, “ಕಿಟಕಿ ಪಕ್ಕದ ಜಾಗ,” ಎಂದಳು. ಅದು ಪಟ್ಟಿಯಲ್ಲಿಲ್ಲ ಎಂದೆ. ಬಲೂನು ತಗೋ ಎಂದು ಪುಸಲಾಯಿಸಿದೆ. “ಬಲೂನು ಒಡೆದುಹೋಗತ್ತೆ ಮಿಸ್, ಕಿಟಕಿ ಒಡೆಯಲ್ಲ,” ಎಂದಳು. ನಮ್ಮ ಶಾಲೆಯ ಕಿಟಕಿಗಳನ್ನು ಕಂಡವರು ಈ ಮಾತನ್ನು ಒಪ್ಪುವುದು ಕಷ್ಟ, ಆದರೂ ಅವಳ ಆಸೆ ನನಗೆ ಇಷ್ಟವಾಯಿತು. ಸಾಲು ತುಂಬಲಿ, ನೋಡೋಣ ಎಂದು ಗೋಡೆ ಹಿಡಿದು ಮೇಲಕ್ಕೆದ್ದೆ.

ಮಾರನೆಯ ದಿನ ಅವಳು ಕೂತಳು. ನಿಜವಾಗಿ ಕೂತಳು. ಬೆನ್ನು ನೆಟ್ಟಗೆ, ಕೈ ಎರಡೂ ಬೆಂಚಿನ ಮೇಲೆ. ನನಗೆ ಹಿಗ್ಗೋ ಹಿಗ್ಗು. ಗಂಟೆ ಎತ್ತಿ ಒಂದು ಸಲ ಬಾರಿಸಿದೆ. ಬಾರಿಸಿದ್ದೇ ತಡ ಹುಡುಗಿ ಚಂಗನೆ ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ಹೋಗಿ ನಿಂತಳು. “ಎಲ್ಲಿಗೆ ಹೊರಟೆ?” ಎಂದು ಗದರಿದರೆ, “ನೀವೇ ಹೊಡೆದ್ರಲ್ಲ ಮಿಸ್,” ಎಂದು ಕಣ್ಣು ಕಣ್ಣು ಬಿಟ್ಟಳು. ಕೂತದ್ದಕ್ಕೆ ಅಂಟಿಸಿದ ನಕ್ಷತ್ರವನ್ನು ಎದ್ದದ್ದಕ್ಕೆ ಕಿತ್ತೆ. ಮತ್ತೆ ಕೂರಿಸಿದೆ, ಮತ್ತೆ ಬಾರಿಸಿದೆ, ಮತ್ತೆ ಬಾಗಿಲು. ವಾರವೆಲ್ಲ ಇದೇ ಗೋಳು. ಕೂತರೆ ಏಳಿಸುವ, ಎದ್ದರೆ ಬೈಯುವ ಇಂಥ ಶಿಕ್ಷಕಿಯನ್ನು ಆ ಮಗು ಹೇಗೆ ಸಹಿಸಿಕೊಂಡಿತೋ ನಾನರಿಯೆ. ನನಗಂತೂ ಅವಳು ಬೇಕೆಂದೇ ಆಟವಾಡಿಸುತ್ತಿದ್ದಾಳೆ ಎನಿಸಿ ಸಿಟ್ಟು ನೆತ್ತಿಗೇರಿತ್ತು.

ಗುಟ್ಟು ತಿಳಿದದ್ದು ಬಸ್ಸಿನಲ್ಲಿ. ನನ್ನ ಸ್ಕೂಟರು ಕೆಟ್ಟು ನಿಂತಿದ್ದರಿಂದ ಆ ಸಂಜೆ ಶಾಲೆಯ ಎದುರಿಗೇ ಬಸ್ಸು ಹತ್ತಿದೆ. ಹಳೆಯ ಬಸ್ಸು, ಸೂರಿನುದ್ದಕ್ಕೂ ಒಂದು ಹಗ್ಗ, ಅದರ ತುದಿಯಲ್ಲಿ ಡ್ರೈವರನ ತಲೆಯ ಮೇಲೆ ಒಂದು ಗಂಟೆ. ಮೊದಲನೆಯ ಸೀಟಿನಲ್ಲಿ ನಮ್ಮ ಬುಗುರಿ! ನನ್ನನ್ನು ನೋಡಿದ್ದೇ ಎದ್ದು ನಿಂತಳು. “ಏಳೇ, ಮಿಸ್‌ಗೆ ಜಾಗ ಬಿಡು,” ಎಂದು ಹಿಂದಿನಿಂದ ದನಿ ಬರುವುದಕ್ಕೂ ಮೊದಲೇ ಎದ್ದಿದ್ದಳು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನನ್ನ ಹಿಂದೆ ಹತ್ತಿದ್ದ ಗಿರಿಜಾ ಮೀಸೆಯವರೊಬ್ಬರು ಅಲ್ಲಿ ಕೂತು ಆಗಲೇ ಕಣ್ಣು ಮುಚ್ಚಿದ್ದರು.

ಹಿಂದಿನಿಂದ ಬಂದ ದನಿ ಕಂಡಕ್ಟರಮ್ಮನದು. ಅವರೇ ಬುಗುರಿಯ ತಾಯಿ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಶಾಲೆ ಬಿಟ್ಟ ಮೇಲೆ ಮಗಳು ಅಮ್ಮನ ಕೆಲಸ ಮುಗಿಯುವವರೆಗೂ ಅದೇ ಬಸ್ಸಿನಲ್ಲಿ ಸುತ್ತುತ್ತಾಳೆ. ಹಾಲುಗಲ್ಲದ ಕೂಸಾಗಿದ್ದಾಗಿನಿಂದಲೂ ಹಾಗೆಯೇ.

“ತೊಂದ್ರೆ ಕೊಡ್ತಾಳಾ ಮಿಸ್?” ಟಿಕೆಟ್ ಹರಿಯುತ್ತಲೇ ಕೇಳಿದರು.

“ತೊಂದ್ರೆ ಏನಿಲ್ಲಮ್ಮ. ಒಂದು ಕಡೆ ಕೂರಲ್ಲ, ಅಷ್ಟೇ.”

“ಕೂರಲ್ವಾ? ಇಲ್ಲಿ ಎಷ್ಟು ಚೆನ್ನಾಗಿ ಕೂತ್ಕೋತಾಳೆ ಗೊತ್ತಾ! ನೋಡಿ ಬೇಕಾದ್ರೆ.” ಅವರು ಹಗ್ಗ ಹಿಡಿದು ಎರಡು ಸಲ ಜಗ್ಗಿದರು. ನನಗೂ ಒಂದು ಜಾಗ ಸಿಕ್ಕಿತು, ಬಸ್ಸು ಹೊರಟಿತು. ಬುಗುರಿ ಹತ್ತಿರದ ಇನ್ನೊಂದು ಖಾಲಿ ಸೀಟಿನಲ್ಲಿ ಕೂತು, ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಕಲ್ಲಿನಂತೆ ಅಲ್ಲಾಡದೆ ಇದ್ದಳು. ಮುಂದಿನ ನಿಲ್ದಾಣ ಬಂತು, ಅಮ್ಮ ಹಗ್ಗವನ್ನು ಒಂದು ಸಲ ಜಗ್ಗಿದರು. ಬಸ್ಸು ನಿಂತಿತು. ಬುಗುರಿ ಎದ್ದಳು. ಅವಳ ಜಾಗದಲ್ಲಿ ಹತ್ತಿದವರು ಯಾರೋ ಕೂತರು.

“ಟಿಕೆಟ್ ತಗೊಂಡೋರು ನಿಂತಿರ್ವಾಗ ಕಂಡಕ್ಟರ್ ಮಗಳು ಕೂರಬಾರ್ದು, ಅಲ್ವಾ ಮಿಸ್? ಜನ ಏನಂತಾರೆ?” ಎಂದರು ಕಂಡಕ್ಟರಮ್ಮ. “ಪಾಪ, ಕಿಟಕಿ ಸೀಟು ಅಂದ್ರೆ ಪ್ರಾಣ ಅವ್ಳಿಗೆ. ಆದ್ರೆ ಅದು ಮೊದ್ಲೇ ತುಂಬೋಗತ್ತೆ.”

ನಾನು ನಗಲೋ ಅಳಲೋ ತಿಳಿಯದೆ ಮುಂದಿನ ಕಂಬಿ ಹಿಡಿದು ಕೂತೆ. ಒಂದು ಸಲ ಬಾರಿಸಿದರೆ ನಿಲ್ಲು, ಇಳಿಯುವವರು ಏಳಿ. ಎರಡು ಸಲ ಬಾರಿಸಿದರೆ ಹೊರಡು, ಕೂರುವವರು ಕೂರಿ. ಈ ಮಗು ಓದಲು ಕಲಿಯುವ ಮೊದಲೇ ಇದನ್ನು ಕಲಿತಿದೆ. ಅವಳ ಪಾಲಿಗೆ ನಾನು ವಾರವಿಡೀ ‘ಭೇಷ್ ಮಗಳೇ, ಇಳಿ’ ಎನ್ನುತ್ತಿದ್ದೆ. ನಿಯಮ ಪಾಲಿಸಲು ಬಾರದ ಹುಡುಗಿ ಎಂದು ಯಾರನ್ನು ನಾವು ಪಟಕ್ಕೆ ಏರಿಸಿದ್ದೆವೋ ಅವಳು ಇಡೀ ಶಾಲೆಯಲ್ಲೇ ಅತ್ಯಂತ ನಿಷ್ಠೆಯಿಂದ ನಿಯಮ ಪಾಲಿಸುತ್ತಿದ್ದಳು. ನಿಯಮ ಇನ್ನೊಂದು ಇಲಾಖೆಯದು, ಅಷ್ಟೇ. ಎರಡು ಇಲಾಖೆಗಳು ಒಂದಕ್ಕೊಂದು ಮಾತನಾಡದಿದ್ದರೆ ಏನಾಗುತ್ತದೆಂದು ತಮಗೆ ನಾನು ಹೇಳಿಕೊಡಬೇಕೇ?

ಮರುದಿನ ಬುಗುರಿ ಕೂತಳು, ನಾನು ಎರಡು ಸಲ ಬಾರಿಸಿದೆ. ಮಾನ್ಯರೇ, ಆ ದೃಶ್ಯ ನೋಡಲು ತಾವು ಇರಬೇಕಿತ್ತು. ಅವಳ ಮುಖದಲ್ಲಿ ‘ಅಬ್ಬಾ, ಕೊನೆಗೂ ಈ ಮಿಸ್‌ಗೆ ತಿಳೀತಲ್ಲ’ ಎಂಬ ನಿರಾಳ. ಬೆಂಚಿನ ಅಂಚು ಹಿಡಿದು ಕೂತವಳು ಪೂರ್ತಿ ಗುಣಾಕಾರದ ಪಾಠ ಮುಗಿಯುವವರೆಗೂ ಕದಲಲಿಲ್ಲ. ಪಾಠ ಮುಗಿದಾಗ ಒಂದು ಸಲ ಬಾರಿಸಿದೆ, ಎದ್ದು ಕಾಲು ಆಡಿಸಿದಳು. ಮತ್ತೆ ಎರಡು ಸಲ, ಮತ್ತೆ ಕೂತಳು. ಅವಳ ಸಾಲಿನಲ್ಲಿ ನಕ್ಷತ್ರಗಳು ಮಿನುಗತೊಡಗಿದವು. ಅಂಟು ನಿಲ್ಲಲಿ ಎಂದು ನಾನು ಮನೆಯಿಂದ ಗೋಂದು ತಂದಿದ್ದೆ.

ಇದು ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯ ಆಟವನ್ನು ಒಬ್ಬಳೇ ಆಡುತ್ತಿದ್ದರೆ ಉಳಿದ ಮಕ್ಕಳು ಬಿಡುತ್ತಾರೆಯೇ? ಬರಬರುತ್ತಾ ಇಡೀ ತರಗತಿ ಬಸ್ಸಾಯಿತು. ಎರಡು ಸಲ ಬಾರಿಸಿದರೆ ಎಲ್ಲರೂ ಕೂತು ಬೆಂಚು ಹಿಡಿಯುತ್ತಿದ್ದರು. ನಾನು ಬೋರ್ಡಿನ ಎಡಕ್ಕೆ ನಡೆದರೆ ಎಲ್ಲರೂ ಎಡಕ್ಕೆ ವಾಲುತ್ತಿದ್ದರು. ಹಿಂದಿನ ಸಾಲಿನ ಒಬ್ಬನಿಗೆ ರಸ್ತೆಯ ಉಬ್ಬುಗಳು ಬಂದಾಗಲೆಲ್ಲ ಎಗರುವ ಅಭ್ಯಾಸವಾಗಿತ್ತು, ಆ ಉಬ್ಬುಗಳು ಎಲ್ಲಿ ಬರುತ್ತಿದ್ದವೋ ಅವನಿಗೇ ಗೊತ್ತು. ಆದರೆ ಪಾಠ ನಡೆಯುತ್ತಿತ್ತು! ಪಕ್ಕದ ತರಗತಿಯ ಶಿಕ್ಷಕಿ ಬಾಗಿಲಲ್ಲಿ ನಿಂತು, “ಏನ್ರೀ ಇದು, ನಿಮ್ಮ ಮಕ್ಕಳ ಸದ್ದೇ ಇಲ್ವಲ್ಲ, ಹುಷಾರಿದ್ದಾರೆ ತಾನೇ?” ಎಂದು ಗಾಬರಿಯಿಂದ ಕೇಳಿದರು. ಬುಗುರಿ ಎದ್ದು ಅವರಿಗೂ ಜಾಗ ಬಿಟ್ಟಳು. ಅದೊಂದು ಅಭ್ಯಾಸ ಮಾತ್ರ ಹೋಗಲಿಲ್ಲ. ಹೋಗಬೇಕು ಎಂದು ನನಗೂ ಅನಿಸಲಿಲ್ಲ.

ಅಷ್ಟರಲ್ಲಿ ತಾವು ಕಳಿಸಿದ ವೀಕ್ಷಕರು ದಯಮಾಡಿಸಿದರು.

ನಮ್ಮದು ಮೇಲಿನ ಮಹಡಿ. ಮೆಟ್ಟಿಲು ಹತ್ತಿ ಬಂದ ವೀಕ್ಷಕರು ಏದುಸಿರು ಬಿಡುತ್ತಿದ್ದರು, ಬಗಲಲ್ಲಿ ಕಡತ, ಹಣೆಯಲ್ಲಿ ಬೆವರು. ನಾನು ನಮಸ್ಕಾರ ಹೇಳುವ ಮೊದಲೇ ಬುಗುರಿ ಎದ್ದಿದ್ದಳು. “ಬನ್ನಿ ಅಂಕಲ್, ಕೂತ್ಕೊಳ್ಳಿ,” ಎಂದು ಬೆಂಚನ್ನು ಅಂಗೈಯಿಂದ ಒರೆಸಿದಳು. ವೀಕ್ಷಕರು, “ಥ್ಯಾಂಕ್ಸ್ ಪುಟ್ಟಾ,” ಎಂದು ಕೂತರು. ಆ ಬೆಂಚು ಎಂಟು ವರ್ಷದವರಿಗೆ ಮಾಡಿದ್ದು. ಅವರ ಮಂಡಿಗಳು ಗಲ್ಲಕ್ಕೆ ತಾಗುತ್ತಿದ್ದವು. ಆದರೂ ಹಾಯಾಗಿ ಕಾಲು ಚಾಚಲು ನೋಡಿದರು, ಕಡತ ಬಿಚ್ಚಿದರು. ಬುಗುರಿ ಪಕ್ಕದಲ್ಲಿ ಬೆಂಚಿನ ಅಂಚು ಹಿಡಿದು ನಿಂತಳು.

ನಾನು ಎರಡು ಸಲ ಗಂಟೆ ಬಾರಿಸಿದೆ.

“ಎರಡು ಸಲ ಯಾಕ್ರೀ?” ವೀಕ್ಷಕರು ತಲೆ ಎತ್ತಿದರು.

ನಾನು ಬಸ್ಸು, ಹಗ್ಗ, ಕಂಡಕ್ಟರಮ್ಮ ಎಲ್ಲವನ್ನೂ ವಿವರಿಸಿದೆ. ಅವರು ಕೇಳಿಸಿಕೊಂಡ ರೀತಿ ನೋಡಿದರೆ ನನ್ನ ಆರೋಗ್ಯದ ಬಗ್ಗೆ ಅವರಿಗೆ ಚಿಂತೆಯಾದಂತಿತ್ತು. “ಮಾರ್ಗಸೂಚಿಯಲ್ಲಿ ಒಂದು ಸಲ ಅಂತಿದೆ ಮೇಡಂ. ಇಲ್ಲಿ ಕೊಡಿ, ಹೇಗೆ ಅಂತ ತೋರಿಸ್ತೀನಿ,” ಎಂದು ನನ್ನ ಕೈಯಿಂದ ಗಂಟೆ ಇಸಿದುಕೊಂಡು, ಕೂತಲ್ಲಿಂದಲೇ ಅಧಿಕೃತವಾಗಿ ಒಂದು ಸಲ ಬಾರಿಸಿದರು.

ಇಡೀ ತರಗತಿ ಎದ್ದಿತು. ಚೀಲಗಳು ಹೆಗಲಿಗೇರಿದವು. ತಳ್ಳಾಟವಿಲ್ಲದೆ, ಗಲಾಟೆಯಿಲ್ಲದೆ ಮಕ್ಕಳು ಬಾಗಿಲಿಗೆ ಸಾಲುಗಟ್ಟಿದರು. ಕೆಲವರು ಡ್ರೈವರಿಗೆ ಎಂಬಂತೆ ನನಗೆ ಟಾಟಾ ಮಾಡಿದರು. ಕೂತೇ ಇದ್ದ ವೀಕ್ಷಕರ ತೋಳನ್ನು ಬುಗುರಿ ಮೆಲ್ಲಗೆ ತಟ್ಟಿ, “ಅಂಕಲ್, ಸ್ಟಾಪ್ ಬಂತು. ನೀವು ಇಳಿಯಲ್ವಾ?” ಎಂದಳು.

ಏನಾಗುತ್ತಿದೆಯೆಂದು ತಿಳಿಯದ ಮುಖ್ಯೋಪಾಧ್ಯಾಯರು ಹೊರಗೆ ಓಡಿಬಂದು, ಬೆಂಕಿ ಬಿದ್ದಿರಬೇಕೆಂದು ಊಹಿಸಿ, ಒಂದು ಬಕೆಟ್ ನೀರು ತರಿಸಿದರು. ಆ ನೀರು ಯಾರ ಮೇಲೆ ಬಿತ್ತು ಎಂಬುದನ್ನು ವೀಕ್ಷಕರು ತಮ್ಮ ವರದಿಯಲ್ಲಿ ಬರೆದಿಲ್ಲವಾದ್ದರಿಂದ ನಾನೂ ಬರೆಯುವುದಿಲ್ಲ.

ಅವರು ಬರೆದದ್ದು ಬೇರೆ. ಅದರ ಪ್ರತಿ ನನಗೆ ಬಂದಿದೆ. ‘ಸದರಿ ವಿದ್ಯಾರ್ಥಿನಿಯು ವೀಕ್ಷಣೆಯ ಸಂಪೂರ್ಣ ಅವಧಿಯಲ್ಲಿ ತನ್ನ ಸ್ಥಾನದಲ್ಲಿ ಕುಳಿತಿರಲಿಲ್ಲ. ಇತರರ ಮೇಲೂ ಪ್ರಭಾವ ಬೀರಿರುತ್ತಾಳೆ. ಆದ್ದರಿಂದ ಇವಳನ್ನು ವಿಶೇಷ ನಿಗಾ ಕೊಠಡಿಗೆ ಸ್ಥಳಾಂತರಿಸಲು ಶಿಫಾರಸು ಮಾಡಲಾಗಿದೆ.’ ತಮ್ಮ ಸಹಿ ಕೆಳಗಿದೆ.

ಮಾನ್ಯರೇ, ಆ ಮೊದಲನೆಯ ವಾಕ್ಯವನ್ನು ದಯವಿಟ್ಟು ಮತ್ತೊಮ್ಮೆ ಓದಿ. ತನ್ನ ಸ್ಥಾನದಲ್ಲಿ ಅವಳು ಕುಳಿತಿರಲಿಲ್ಲ. ನಿಜ, ಅಕ್ಷರಶಃ ನಿಜ. ಹೇಗೆ ಕೂರುತ್ತಾಳೆ ಸ್ವಾಮಿ? ಅಲ್ಲಿ ವೀಕ್ಷಕರು ಕೂತಿದ್ದರಲ್ಲ! ಅವಳು ಒರೆಸಿಕೊಟ್ಟ ಬೆಂಚಿನ ಮೇಲೆ ಕೂತು, ಅವಳ ಜಾಗದಲ್ಲೇ ಕಡತ ಇಟ್ಟುಕೊಂಡು, ಅವಳು ಜಾಗದಲ್ಲಿಲ್ಲ ಎಂದು ಬರೆದರು. ಏದುಸಿರು ಬಿಡುವವರಿಗೆ ಎದ್ದು ಜಾಗ ಕೊಡುವುದು ನಿಮ್ಮ ಯೋಜನೆಯಲ್ಲಿ ಸದ್ವರ್ತನೆ ಅಲ್ಲವಾದರೆ ಆ ನಕ್ಷತ್ರಗಳೆಲ್ಲ ಯಾವುದಕ್ಕೆ ಇವೆ? ಇಟ್ಟಿಗೆಯಂಥ ಮಾರ್ಗಸೂಚಿಯನ್ನು ನಾನು ಎರಡೆರಡು ಸಲ ಓದಿದೆ. ಕೂರುವುದರ ಬಗ್ಗೆ ಒಂದು ಅಧ್ಯಾಯವಿದೆ, ಇನ್ನೊಬ್ಬರನ್ನು ಕೂರಿಸುವುದರ ಬಗ್ಗೆ ಒಂದು ಸಾಲೂ ಇಲ್ಲ. ಇನ್ನು ಬಸ್ಸಿನ ವಿಷಯಕ್ಕೆ ಬಂದರೆ, ಪಯಣ ಎಂದು ಮೊದಲು ಬಾಯಿಬಿಟ್ಟವರು ಯಾರು? ನಾನಲ್ಲ, ಮಗುವಲ್ಲ. ಹೊರಡಿಸಿದವರು ನೀವು. ಹತ್ತಿದವಳನ್ನು ನಡುದಾರಿಯಲ್ಲಿ ಇಳಿಸುವವರೂ ನೀವೇ?

ವಿಶೇಷ ನಿಗಾ ಕೊಠಡಿ ಎಂದರೆ ಏನೆಂದು ತಮಗೆ ತಿಳಿದಿರಲಿಕ್ಕಿಲ್ಲ. ಕೆಳಗಿನ ಮಹಡಿಯ ಹಿಂಬದಿಯಲ್ಲಿ ಚೆಂಡು, ಹಗ್ಗ, ಮುರಿದ ಬೆಂಚುಗಳನ್ನು ತುಂಬಿಡುವ ಕೋಣೆಯದು. ಬಾಗಿಲಿಗೆ ಹೊಸ ಹೆಸರು ಬಳಿದಿದ್ದಾರೆ, ಬಣ್ಣ ಇನ್ನೂ ಒಣಗಿಲ್ಲ. ಕಿಟಕಿಯಿಲ್ಲ. ಬುಗುರಿಗೆ ನಾನಿನ್ನೂ ಹೇಳಿಲ್ಲ. ಶುಕ್ರವಾರ ಅವಳು ಪಟದ ಮುಂದೆ ನಿಂತು ತನ್ನ ಸಾಲನ್ನು ಬೆರಳಿನಿಂದ ಸವರಿ, “ಮಿಸ್, ಇನ್ನೊಂದು ಅಂಟಿಸಿದ್ರೆ ತುಂಬತ್ತೆ, ಅಲ್ವಾ? ಸೋಮವಾರ ನಂಗೆ ಕಿಟಕಿ,” ಎಂದಳು. ಹೂಂ ಎಂದೆ. ಗೋಂದಿನ ಡಬ್ಬಿಯನ್ನು ಮುಚ್ಚಿ ಪಟಕ್ಕೆ ಬೆನ್ನು ತಿರುಗಿಸಿದೆ, ಮಾನ್ಯರೇ. ಅದನ್ನು ವ್ಯಂಗ್ಯವಾಗಿ ಬರೆಯಲು ನನಗೆ ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಎರಡು ಸಲ ಗಂಟೆ ಬಾರಿಸಲು ಅನುಮತಿ ಕೊಡಿ. ಬಹುಮಾನದ ಪಟ್ಟಿಯಲ್ಲಿ ಬಲೂನಿನ ಕೆಳಗೆ ‘ಕಿಟಕಿ’ ಎಂದು ಸೇರಿಸಿ. ಸರಕಾರಕ್ಕೆ ಕಾಸಿನ ಖರ್ಚಿಲ್ಲ, ಕಿಟಕಿ ಆಗಲೇ ಗೋಡೆಯಲ್ಲಿದೆ. ಆ ಶಿಫಾರಸಿನ ಮೇಲಿನ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಉತ್ತರ ಬರದಿದ್ದರೂ ಸೋಮವಾರ ಬೆಳಗ್ಗೆ ನಾನು ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಎರಡು ಸಲ ಗಂಟೆ ಬಾರಿಸುತ್ತೇನೆ. ಆಮೇಲೆ ನನ್ನನ್ನೇ ಆ ಕೋಣೆಯಲ್ಲಿ ಕೂರಿಸಿದರೂ ಸರಿ. ಮುರಿದ ಬೆಂಚುಗಳ ನಡುವೆ ನನ್ನ ಮಂಡಿಗಳಿಗೂ ಜೊತೆ ಸಿಕ್ಕಂತಾಗುತ್ತದೆ.

ನಂಬಿಕೆಯಿಲ್ಲದಿದ್ದರೆ ಖುದ್ದಾಗಿ ಬಂದು ನೋಡಿ. ಮೇಲಿನ ಮಹಡಿ, ಮೆಟ್ಟಿಲು ಸ್ವಲ್ಪ ಕಡಿದಾಗಿವೆ, ನಿಧಾನವಾಗಿ ಹತ್ತಿ. ತಾವು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಹುಟ್ಟಿದಾಗಿನಿಂದ ಮೊದಲ ಸಲ ಕಿಟಕಿಯ ಪಕ್ಕ ಕೂತ ಹುಡುಗಿಯೊಬ್ಬಳು ಎದ್ದು, ಬೆಂಚು ಒರೆಸಿ, “ಬನ್ನಿ, ಕೂತ್ಕೊಳ್ಳಿ,” ಎನ್ನುತ್ತಾಳೆ.

ದಯವಿಟ್ಟು ಕೂರಬೇಡಿ.

ಇಂತಿ,
ಗೋಂದಿನ ಕೈಯವಳು, ಮಂಡಿ ನೋವಿನವಳು, ನಿಮ್ಮ ಪಟದಲ್ಲಿ ತನಗೊಂದು ಸಾಲೂ ಇಲ್ಲದವಳು,
ಮೂರನೇ ತರಗತಿಯ ಮಿಸ್